ಹೂವಿನ ಹಿಂದಿನ ಕಾಡನ್ನೂ ಕಂಡವರು: ಕೀಟಗಳ ಬೆನ್ನುಹತ್ತಿದ ಅರಣ್ಯಾಧಿಕಾರಿ ಟಿ.ಆರ್. ಬೆಲ್

ಮಳೆಗಾಲ ಹಿಂದೆ ಸರಿದು ನವರಾತ್ರಿ ಸಮೀಪಿಸುವ ಹೊತ್ತಿಗೆ ಧಾರವಾಡದ ಗುಡ್ಡದ ಇಳಿಜಾರುಗಳಲ್ಲಿ, ಹುಬ್ಬಳ್ಳಿಯ ಹೊರವಲಯದ ಬಯಲುಗಳಲ್ಲಿ ಕಾಡುಹೂಗಳು ಅರಳಿ ನಿಲ್ಲುತ್ತವೆ. ಹೂವಿನ ಬೆನ್ನಿಗೇ ಪಾತರಗಿತ್ತಿ, ಜೇನುನೊಣ, ಜೀರುಂಡೆಗಳ ಸಂತೆ ನೆರೆಯುತ್ತದೆ. ಅಂಗೈಯಲ್ಲಿ ಅಡಗುವಂಥ ಪುಟ್ಟ ಕ್ಯಾಮೆರಾ ಹಿಡಿದು ಬೆಳಗಿನ ಹೊತ್ತು ಈ ಸಂತೆಗೆ ಹೋಗುವ ಹವ್ಯಾಸಿಗಳಿಗೆ ಅವಳಿ ನಗರದ ಸುತ್ತ ಜಾಗಗಳ ಕೊರತೆಯಿಲ್ಲ.

ಹೂವಿನ ಮೇಲಿನ ಕೀಟವನ್ನು ಚಿತ್ರಿಸಲು ಎರಡು ದಾರಿಗಳಿವೆ. ಉದ್ದ ಮಸೂರದಿಂದ ತೆಗೆದ ಚಿತ್ರದಲ್ಲಿ ಕೀಟವೊಂದೇ ಎದ್ದು ಕಾಣುತ್ತದೆ, ಹಿನ್ನೆಲೆಯೆಲ್ಲ ಹಸಿರು ಮಂಜಾಗಿ ಕರಗಿಹೋಗುತ್ತದೆ. ಕೀಟ ಯಾವುದು ಎಂಬುದು ತಿಳಿಯುತ್ತದೆ, ಅದು ಎಲ್ಲಿತ್ತು ಎಂಬುದು ತಿಳಿಯುವುದಿಲ್ಲ. ಎರಡನೆಯ ದಾರಿ ವಿಶಾಲಕೋನದ ಸಮೀಪಚಿತ್ರ. ಮಸೂರವನ್ನು ಅತ್ಯಂತ ಅಗಲಕ್ಕೆ ಇಟ್ಟುಕೊಂಡು, ಕೀಟದಿಂದ ಒಂದೆರಡು ಸೆಂಟಿಮೀಟರ್ ಅಂತರಕ್ಕೆ ಕ್ಯಾಮೆರಾವನ್ನೇ ಒಯ್ಯುವುದು. ಆಗ ಕೀಟವೂ ದೊಡ್ಡದಾಗಿ ಕಾಣುತ್ತದೆ. ಅದು ಕುಳಿತ ಹೂವು, ಹೂವಿನ ಗಿಡ, ಗಿಡದ ಹಿಂದಿನ ಹೊಲ, ಹೊಲದಾಚೆಯ ಗುಡ್ಡ, ಮೇಲಿನ ಮೋಡ ಎಲ್ಲವೂ ಒಂದೇ ಚೌಕಟ್ಟಿನೊಳಗೆ ಬರುತ್ತವೆ.

ಕೀಟವನ್ನು ಅದರ ನೆಲೆಯೊಡನೆ ಕಾಣಬೇಕೆಂಬ ಈ ಹಂಬಲ ಕ್ಯಾಮೆರಾಕ್ಕಿಂತ ಹಳೆಯದು. ಜೀವಂತ ಕೀಟವನ್ನು ಹೂವಿನ ಮೇಲೆಯೇ ಛಾಯಾಚಿತ್ರಕ್ಕೆ ಹಿಡಿಯುವುದು ಬಹುಮಟ್ಟಿಗೆ ಅಸಾಧ್ಯವಾಗಿದ್ದ ಕಾಲದಲ್ಲಿ, ಬರಿಯ ಕಣ್ಣು ಮತ್ತು ಲೇಖನಿಯಿಂದ ಆ ಕೆಲಸವನ್ನು ನಮ್ಮ ನೆರೆಯ ಉತ್ತರ ಕನ್ನಡದ ಕಾಡುಗಳಲ್ಲಿ ಮಾಡಿದವರೊಬ್ಬರಿದ್ದರು. ಅವರೇ ಥಾಮಸ್ ರೀಡ್ ಡೇವಿಸ್ ಬೆಲ್. ಕೀಟಶಾಸ್ತ್ರಜ್ಞರ ವಲಯದಲ್ಲಿ ಟಿ.ಆರ್. ಬೆಲ್ ಎಂದೇ ಪರಿಚಿತರು. ಅವರ ಸೇವಾಜೀವನದ ಆರಂಭದ ದಿನಗಳು ಧಾರವಾಡದೊಡನೆ ಬೆಸೆದುಕೊಂಡಿವೆ ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿರಲಾರದು.

ಐರ್ಲೆಂಡಿನಿಂದ ಧಾರವಾಡಕ್ಕೆ

ಬೆಲ್ ಜನಿಸಿದ್ದು 1863ರಲ್ಲಿ, ಐರ್ಲೆಂಡಿನ ಕಾರ್ಕ್ ಪ್ರಾಂತದ ಬ್ಯಾಂಡನ್ ಎಂಬ ಊರಿನಲ್ಲಿ, ತುಂಬು ಕುಟುಂಬವೊಂದರಲ್ಲಿ. ಭಾರತದ ಅರಣ್ಯ ಸೇವೆಗೆ ಆಯ್ಕೆಯಾಗಿ 1884ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಮುಂಬೈ ಪ್ರಾಂತದ ಧಾರವಾಡಕ್ಕೆ ಬಂದರು.

ಧಾರವಾಡ ಅಂದು, ಇಂದಿನಂತೆಯೇ, ಎರಡು ಸೀಮೆಗಳ ನಡುವಿನ ಹೊಸ್ತಿಲು. ಪೂರ್ವಕ್ಕೆ ಹೊರಟರೆ ಎರೆಭೂಮಿಯ ಹತ್ತಿ, ಜೋಳದ ಬಯಲು. ಪಶ್ಚಿಮಕ್ಕೆ ಹೊರಟರೆ ಕಲಘಟಗಿ, ಹಳಿಯಾಳಗಳ ಕಡೆಗೆ ಮರಗಳು ಒತ್ತಾಗುತ್ತ ಹೋಗಿ, ಯಲ್ಲಾಪುರ ದಾಟುವಷ್ಟರಲ್ಲಿ ಘಟ್ಟದ ದಟ್ಟ ಕಾಡು. ಬಯಲಿನ ಕೀಟವೂ ಮಲೆನಾಡಿನ ಕೀಟವೂ ಕೆಲವೇ ಹರದಾರಿಗಳ ಅಂತರದಲ್ಲಿ ಸಿಗುವ ನೆಲವಿದು. ಕೆಲಸದ ನಿಮಿತ್ತ ಕಾಡು ಸುತ್ತಲೇಬೇಕಾಗಿದ್ದ ತರುಣನೊಬ್ಬನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಕಾರವಾರದ ಮೂವರು

ಬೆಲ್ ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು ಇಬ್ಬರು ಹಿರಿಯರ ಗೆಳೆತನ. ಒಬ್ಬರು ಇ.ಎಚ್. ಏಟ್ಕನ್. 1851ರಲ್ಲಿ ಮಹಾರಾಷ್ಟ್ರದ ಸಾತಾರದಲ್ಲಿ ಹುಟ್ಟಿದ ಏಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ಈಹಾ ಎಂಬ ಕಾವ್ಯನಾಮದಲ್ಲಿ ಬರೆದ ವಿನೋದಮಯ ನಿಸರ್ಗ ಬರಹಗಳಿಂದ ಹೆಸರಾದವರು. 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರು. ಇನ್ನೊಬ್ಬರು ಜೇಮ್ಸ್ ಡೇವಿಡ್ಸನ್. ಉತ್ತರ ಕನ್ನಡ ಜಿಲ್ಲೆಯ ಕಲೆಕ್ಟರ್, ಹಕ್ಕಿಗಳ ವಿಷಯದಲ್ಲಿ ಆಳವಾದ ತಿಳಿವಳಿಕೆಯುಳ್ಳವರು.

ಒಬ್ಬರು ಸುಂಕದವರು, ಒಬ್ಬರು ಕಂದಾಯದವರು, ಒಬ್ಬರು ಕಾಡಿನವರು. ಮೂರು ಇಲಾಖೆಗಳ ಈ ಮೂವರನ್ನು ಒಂದುಗೂಡಿಸಿದ್ದು ಪಾತರಗಿತ್ತಿ. ಕಾರವಾರವನ್ನು ನೆಲೆ ಮಾಡಿಕೊಂಡು, ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟವಿರುವ ಜಿಲ್ಲೆಯ ಉದ್ದಗಲಕ್ಕೂ ಅವರು ಹುಳುಗಳನ್ನು ಹುಡುಕಿದರು. ಅದರ ಫಲವಾಗಿ ಉತ್ತರ ಕನ್ನಡ ಜಿಲ್ಲೆಯ ಪಾತರಗಿತ್ತಿಗಳನ್ನು ಕುರಿತ ಅವರ ಜಂಟಿ ಅಧ್ಯಯನ 1896-97ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು.

ಈ ಅಧ್ಯಯನದ ವಿಶೇಷವನ್ನು ಅರಿಯಬೇಕಾದರೆ ಅಂದಿನ ರೂಢಿಯನ್ನು ನೆನೆಯಬೇಕು. ಆಗಿನ ಗ್ರಂಥಗಳಲ್ಲಿ ಪಾತರಗಿತ್ತಿಯ ವಿವರವೆಂದರೆ ಬಹುಪಾಲು ರೆಕ್ಕೆಯ ವಿವರ. ಬಲೆಯಲ್ಲಿ ಹಿಡಿದು, ಸೂಜಿ ಚುಚ್ಚಿ, ರೆಕ್ಕೆ ಬಿಡಿಸಿ ಪೆಟ್ಟಿಗೆಯಲ್ಲಿಟ್ಟ ಮಾದರಿಯನ್ನು ನೋಡಿ, ಬಣ್ಣ, ಚುಕ್ಕೆ, ನರಗಳ ಲೆಕ್ಕ ಬರೆಯುತ್ತಿದ್ದರು. ಅದನ್ನು ಬರೆಯಲು ಕಾಡಿಗೆ ಹೋಗಬೇಕೆಂದೇನೂ ಇರಲಿಲ್ಲ. ಕಾರವಾರದ ಮೂವರು ಹಿಡಿದ ದಾರಿ ಬೇರೆ. ಮೊಟ್ಟೆ ಯಾವ ಗಿಡದ ಯಾವ ಎಲೆಯ ಮೇಲಿದೆ, ಹುಳು ಏನು ತಿನ್ನುತ್ತದೆ, ಹೇಗೆ ಅಡಗುತ್ತದೆ, ಕೋಶ ಎಲ್ಲಿ ಕಟ್ಟುತ್ತದೆ, ಹೊರಬಂದ ಪಾತರಗಿತ್ತಿ ಬಿಸಿಲಿನಲ್ಲಿ ಹಾರುತ್ತದೋ ನೆರಳಿನಲ್ಲೋ ಎಂಬ ಪ್ರಶ್ನೆಗಳು ಅವರವು. ಇವಕ್ಕೆ ಉತ್ತರ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ, ಗಿಡದ ಬುಡದಲ್ಲಿ ಕುಳಿತವರಿಗೆ ಮಾತ್ರ ಸಿಗುತ್ತದೆ.

ಹುಳು ಸಾಕಿದ ಸಾಹೇಬರು

ಮೂವರ ಪೈಕಿ ಈ ಕೆಲಸವನ್ನು ಬದುಕಿನುದ್ದಕ್ಕೂ ಮುಂದುವರಿಸಿದವರು ಬೆಲ್. ಅವರ ಪದ್ಧತಿ ಕೇಳಲು ಸರಳ, ಮಾಡಲು ಕಠಿಣ. ಕಾಡಿನಲ್ಲಿ ಮೊಟ್ಟೆಯನ್ನೋ ಹುಳುವನ್ನೋ ಹುಡುಕಬೇಕು. ಅದು ತಿನ್ನುತ್ತಿದ್ದ ಗಿಡವನ್ನು ಗುರುತಿಸಬೇಕು. ಹುಳುವನ್ನು ಮನೆಗೆ ತಂದು ಅದೇ ಗಿಡದ ತಾಜಾ ಎಲೆ ಹಾಕಿ ಸಾಕಬೇಕು. ಪೊರೆ ಕಳಚಿದಾಗೊಮ್ಮೆ ರೂಪ ಹೇಗೆ ಬದಲಾಯಿತೆಂದು ಬರೆದಿಡಬೇಕು. ಕೋಶ ಒಡೆದು ಪಾತರಗಿತ್ತಿ ಹೊರಬಂದ ದಿನ, ಆ ಹುಳು ಯಾವ ಜಾತಿಯದೆಂಬುದು ಖಚಿತವಾಗುತ್ತದೆ. ನಡುವೆ ಎಲೆ ಒಣಗಿದರೆ, ಬೂಷ್ಟು ಹಿಡಿದರೆ, ಪರಾವಲಂಬಿ ಕಣಜ ಒಳಗೆ ಸೇರಿದ್ದರೆ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ನಮ್ಮ ಹಿತ್ತಿಲಿನ ಉದಾಹರಣೆ ನೋಡೋಣ. ಕರಿಬೇವು ಅಥವಾ ಲಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದುಬಿಳಿ ಹುಳುವೊಂದು ಇರುತ್ತದೆ. ಅದು ಬೆಳೆದು ಕೊನೆಯ ಪೊರೆ ಕಳಚಿದಾಗ ಎಲೆಯಂತೆಯೇ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಚಾಚಿ ಘಾಟು ವಾಸನೆ ಬೀರುತ್ತದೆ. ಎರಡೂ ಒಂದೇ ಲಿಂಬೆ ಪಾತರಗಿತ್ತಿಯ ಹುಳುಗಳೆಂದು ಬಿಡಿ ಚಿತ್ರಗಳಿಂದ ಹೇಳಲಾಗದು. ಒಂದೇ ಹುಳುವನ್ನು ದಿನದಿನವೂ ನೋಡಿದವರೇ ಹೇಳಬೇಕು. ಎಕ್ಕೆಗಿಡದ ಮೇಲಿನ ಪಟ್ಟೆಪಟ್ಟೆಯ ಹುಳು, ಮಾವಿನ ಮರಕ್ಕೆ ಹತ್ತಿದ ಬದನಿಕೆಯನ್ನು ಗುಂಪಾಗಿ ತಿನ್ನುವ ಹುಳು, ಕಣಗಿಲೆಯ ಎಲೆಯಡಿಯ ಹುಳು, ಒಂದೊಂದಕ್ಕೂ ಒಂದೊಂದು ಗಿಡದ ನಂಟು. ಆ ನಂಟನ್ನು ಜಾತಿಯಿಂದ ಜಾತಿಗೆ ದಾಖಲಿಸುತ್ತ ಹೋದದ್ದು ಬೆಲ್ ಅವರ ದೊಡ್ಡ ಕೊಡುಗೆ.

ಹುಳುವನ್ನು ಅರಿಯಬೇಕಾದರೆ ಗಿಡವನ್ನು ಅರಿಯಬೇಕು. ಹಾಗಾಗಿ ಬೆಲ್ ಸಸ್ಯಗಳ ಅಧ್ಯಯನಕ್ಕೂ ಇಳಿದರು. ಐಸಿಎಸ್ ಅಧಿಕಾರಿಯಾಗಿದ್ದ ಎಲ್.ಜೆ. ಸೆಜ್ವಿಕ್ ಅವರೊಡನೆ ಉತ್ತರ ಕನ್ನಡದ ಗಿಡಮರಗಳ ಮಾದರಿಗಳನ್ನು ಸಂಗ್ರಹಿಸಿದರು. ಆ ಸಂಗ್ರಹ ಮುಂಬೈನ ಸೇಂಟ್ ಝೇವಿಯರ್ ಕಾಲೇಜಿನ ಬ್ಲ್ಯಾಟರ್ ಸಸ್ಯಸಂಗ್ರಹಾಲಯವನ್ನು ಸೇರಿತು.

ಇರುವೆಯೂ ಬೇಕು, ಮತ್ತಿಮರವೂ ಬೇಕು

ಬೆಲ್ ಅವರ ನೋಟ ಎಷ್ಟು ಅಗಲವಾಗಿತ್ತೆಂಬುದಕ್ಕೆ ನೀಲಿ ಪಾತರಗಿತ್ತಿಗಳ ಕುರಿತ ಅವರ ದಾಖಲೆಗಳು ಸಾಕ್ಷಿ. ಈ ಕುಟುಂಬದ ಅನೇಕ ಜಾತಿಗಳ ಹುಳುಗಳು ಮೈಯಿಂದ ಸಿಹಿರಸ ಒಸರುತ್ತವೆ. ಇರುವೆಗಳು ಆ ರಸಕ್ಕಾಗಿ ಹುಳುವನ್ನು ಸುತ್ತುವರಿದು ನಿಲ್ಲುತ್ತವೆ. ಅವುಗಳ ಕಾವಲಿನಿಂದಾಗಿ ಶತ್ರುಗಳು ಹತ್ತಿರ ಸುಳಿಯುವುದು ಕಡಿಮೆ. ಮತ್ತಿಯಂಥ ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಗಳ ನಡುವೆಯೇ ಕೆಲವು ಜಾತಿಯ ಹುಳುಗಳು ನಿರ್ಭಯವಾಗಿ ಬೆಳೆಯುತ್ತವೆ. ಕೈಯಿಟ್ಟವರನ್ನು ಬಿಡದೆ ಕಚ್ಚುವ ಚಗಳಿ ಈ ಹುಳುವಿಗೆ ಮಾತ್ರ ದಾದಿ.

ಇಂಥ ಕಡೆ ಹುಳುವನ್ನಷ್ಟೇ ನೋಡಿದರೆ ಕಥೆ ಅರ್ಧ. ಹುಳು, ಇರುವೆ, ಎಲೆ, ಮರ ಎಲ್ಲವೂ ಸೇರಿದರೆ ಮಾತ್ರ ಅದು ಪೂರ್ಣ. ಯಾವ ಹುಳುವಿನ ಜೊತೆ ಯಾವ ಇರುವೆ ಇತ್ತೆಂಬುದನ್ನೂ ಬೆಲ್ ದಾಖಲಿಸಿದ್ದರಿಂದಲೇ, ಪಾತರಗಿತ್ತಿ ಮತ್ತು ಇರುವೆಗಳ ಸಂಬಂಧದ ಬಗ್ಗೆ ಬಹುಕಾಲದ ನಂತರ ಸಂಶೋಧನೆಗೆ ತೊಡಗಿದವರು ಅವರ ಬರಹಗಳನ್ನು ಮತ್ತೆ ತೆರೆಯಬೇಕಾಯಿತು.

ಅಧಿಕಾರದ ಇನ್ನೊಂದು ಮುಖ

ಬೆಲ್ ಅವರ ಬದುಕನ್ನು ಬರೆಯುವಾಗ ಒಂದು ಮಾತನ್ನು ಮರೆಮಾಚಬಾರದು. ಅವರು ಬ್ರಿಟಿಷ್ ಸರಕಾರದ ಅರಣ್ಯಾಧಿಕಾರಿ. ಆ ಕಾಲದ ಅರಣ್ಯ ಇಲಾಖೆಗೆ ಕಾಡೆಂದರೆ ಮೊದಲಿಗೆ ಸಾಗುವಾನಿ, ಹಡಗು ಮತ್ತು ರೈಲಿನ ಮರಮಟ್ಟು, ಸರಕಾರಿ ಆದಾಯ. 1878ರ ಅರಣ್ಯ ಕಾಯಿದೆಯ ನಂತರ ಕಾಡಿನಂಚಿನ ಜನರ ಹಕ್ಕುಗಳು ಒಂದೊಂದಾಗಿ ಮೊಟಕಾದವು. ಉತ್ತರ ಕನ್ನಡದಲ್ಲಿ ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು. ಸೊಪ್ಪು, ಸೌದೆ, ಮೇವಿಗಾಗಿ ಜನ ಇಲಾಖೆಯ ಮುಂದೆ ಕೈಯೊಡ್ಡಬೇಕಾಯಿತು. ಆ ಅಸಮಾಧಾನ ಕುದಿಯುತ್ತಲೇ ಬಂದು 1930ರಲ್ಲಿ ಜಿಲ್ಲೆಯಲ್ಲಿ ಅರಣ್ಯ ಸತ್ಯಾಗ್ರಹವಾಗಿ ಹೊರಹೊಮ್ಮಿತು. ಆ ಹೊತ್ತಿಗೆ ಬೆಲ್ ಸೇವೆಯಿಂದ ನಿವೃತ್ತರಾಗಿದ್ದರೂ, ಮೂರೂವರೆ ದಶಕ ಅವರು ದುಡಿದದ್ದು ಅದೇ ವ್ಯವಸ್ಥೆಯಲ್ಲಿ.

ಇನ್ನೊಂದು ಮಾತು. ಗಿಡಗಳ ಸ್ಥಳೀಯ ಹೆಸರು, ಅವು ಬೆಳೆಯುವ ಜಾಗ, ಹೂ ಬಿಡುವ ಕಾಲ ಇವೆಲ್ಲ ಕಾಡಿನ ಜನರಿಗೆ ತಲೆಮಾರುಗಳಿಂದ ಗೊತ್ತಿದ್ದ ಸಂಗತಿ. ಹೊರಗಿನಿಂದ ಬಂದ ಅಧಿಕಾರಿಗೆ ಆ ತಿಳಿವಳಿಕೆಯ ನೆರವಿಲ್ಲದೆ ಕಾಡಿನ ಬಾಗಿಲು ತೆರೆಯುವುದಿಲ್ಲ. ವಿಜ್ಞಾನದ ಪುಟಗಳಲ್ಲಿ ಅಧಿಕಾರಿಗಳ ಹೆಸರು ಉಳಿಯಿತು; ದಾರಿ ತೋರಿದ ಕೈಗಳ ಹೆಸರು ಉಳಿಯಲಿಲ್ಲ. ಬೆಲ್ ಅವರ ಸಾಧನೆಯನ್ನು ಮೆಚ್ಚುವಾಗಲೂ ಈ ಋಣವನ್ನು ನೆನೆಯುವುದು ನ್ಯಾಯ.

ಅವರು ಕೀಟಗಳನ್ನು ಕೊಲ್ಲದ ಸಂತರೂ ಆಗಿರಲಿಲ್ಲ. ಮಾದರಿಗಳನ್ನು ಹಿಡಿದು ಸಂಗ್ರಹಿಸುವುದು ಆ ವಿಜ್ಞಾನದ ಅಗತ್ಯವಾಗಿತ್ತು. ಬೆಲ್ ಸಂಗ್ರಹಿಸಿದ ಜೀರುಂಡೆಗಳನ್ನು, ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದು ನಂತರ ಜೀರುಂಡೆಗಳ ತಜ್ಞರಾಗಿ ಹೆಸರಾದ ಎಚ್.ಇ. ಆಂಡ್ರೂಸ್ ಅಧ್ಯಯನ ಮಾಡಿದರು. ಲಂಡನ್ನಿನ ಸಂಗ್ರಹಾಲಯದ ಅನೇಕ ಚೀಟಿಗಳ ಮೇಲೆ ಉತ್ತರ ಕನ್ನಡದ ಹೆಸರು ಇಂದಿಗೂ ಇರುವುದು ಇಂಥ ಸಂಗ್ರಹಗಳಿಂದಲೇ.

ನಿವೃತ್ತಿಯ ನಂತರದ ದುಡಿಮೆ

1909ರಿಂದ 1927ರವರೆಗೆ, ಸುಮಾರು ಹದಿನೆಂಟು ವರ್ಷ, ಭಾರತದ ಬಯಲುನಾಡಿನ ಸಾಮಾನ್ಯ ಪಾತರಗಿತ್ತಿಗಳನ್ನು ಕುರಿತ ಬೆಲ್ ಅವರ ಲೇಖನಮಾಲೆ ಸೊಸೈಟಿಯ ಪತ್ರಿಕೆಯಲ್ಲಿ ಬಂದಿತು. ಅಪರೂಪದ ಜಾತಿಗಳ ಬೇಟೆಯಲ್ಲಿ ತೊಡಗಿದವರೇ ಹೆಚ್ಚಿದ್ದ ಕಾಲದಲ್ಲಿ, ಎಲ್ಲರ ಹಿತ್ತಿಲಿಗೂ ಬರುವ ಪಾತರಗಿತ್ತಿಗಳಿಗಾಗಿ ಇಷ್ಟು ವರ್ಷ ವ್ಯಯಿಸಿದ್ದು ಗಮನಾರ್ಹ.

1920ರಲ್ಲಿ ಅವರು ಸೇವೆಯಿಂದ ನಿವೃತ್ತರಾದರು. ಬಹುಪಾಲು ಬ್ರಿಟಿಷ್ ಅಧಿಕಾರಿಗಳು ಪಿಂಚಣಿ ಬಂದೊಡನೆ ಹಡಗು ಹತ್ತುತ್ತಿದ್ದ ಕಾಲವದು. ಬೆಲ್ ಹತ್ತಲಿಲ್ಲ. ಕಾರವಾರದಲ್ಲೇ ನೆಲೆಸಿದರು. ಅಧಿಕಾರ ಹೋಯಿತು, ಹುಳುಗಳ ಸಹವಾಸ ಹೋಗಲಿಲ್ಲ.

ಅವರ ಕೊನೆಯ ದೊಡ್ಡ ಕೃತಿ ಹೊರಬಂದದ್ದು 1937ರಲ್ಲಿ. ಬ್ರಿಟಿಷ್ ಭಾರತದ ಪ್ರಾಣಿಸಂಕುಲ ಕುರಿತ ಪ್ರಸಿದ್ಧ ಗ್ರಂಥಮಾಲೆಯಲ್ಲಿ, ಹಾಕ್ ಮಾತ್ ಎಂಬ ಬಲಶಾಲಿ ಪತಂಗಗಳ ಸಂಪುಟವನ್ನು ಮೇಜರ್ ಎಫ್.ಬಿ. ಸ್ಕಾಟ್ ಅವರೊಡನೆ ಬರೆದರು. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಈ ಪತಂಗಗಳು ನಮಗೆ ಅಪರಿಚಿತವೇನಲ್ಲ. ಕಣಗಿಲೆಯ ಗಿಡದಲ್ಲಿ ಬಾಲದ ತುದಿಗೆ ಕೊಂಬು ಹೊತ್ತ ದಪ್ಪ ಹಸಿರು ಹುಳುವಿರುತ್ತದೆ. ಕೆಣಕಿದರೆ ಮೈಯ ಮುಂಭಾಗದಲ್ಲಿ ನೀಲಿ ಕಣ್ಣಿನಂಥ ಎರಡು ಗುರುತುಗಳನ್ನು ತೋರಿಸಿ ಹೆದರಿಸುತ್ತದೆ. ಎಳ್ಳಿನ ಹೊಲದಲ್ಲಿ ರೈತರು ಕಾಣುವ ಬೆರಳುಗಾತ್ರದ ಹುಳು ಬೆಳೆದು ಬೆನ್ನ ಮೇಲೆ ತಲೆಬುರುಡೆಯಂಥ ಗುರುತಿರುವ ಪತಂಗವಾಗುತ್ತದೆ. ಸಂಜೆಯ ಮಬ್ಬಿನಲ್ಲಿ ಹೂವಿನ ಮುಂದೆ ರೆಕ್ಕೆ ಬಡಿಯುತ್ತ ನಿಂತಲ್ಲೇ ಮಕರಂದ ಹೀರುವ ಪತಂಗಗಳೂ ಇದೇ ಕುಲದವು. ಈ ಸಂಪುಟದಲ್ಲಿಯೂ ರೆಕ್ಕೆಯ ವರ್ಣನೆಯ ಜೊತೆಗೆ ಹುಳುವಿನ ವಿವರ, ಆಹಾರದ ಗಿಡಗಳ ಹೆಸರು ಸೇರಿಕೊಂಡಿವೆ.

ಸ್ವಾತಂತ್ರ್ಯ ಬಂದು ಹತ್ತು ತಿಂಗಳ ನಂತರ, 1948ರ ಜೂನ್ ತಿಂಗಳಲ್ಲಿ, ಬೆಲ್ ಕಾರವಾರದಲ್ಲೇ ಕೊನೆಯುಸಿರೆಳೆದರು. ಇಪ್ಪತ್ತೊಂದರ ಹರೆಯದಲ್ಲಿ ಈ ನಾಡಿಗೆ ಬಂದವರು ಎಂಬತ್ತೈದರ ಮುಪ್ಪಿನಲ್ಲಿ ಈ ನಾಡಿನಲ್ಲಿಯೇ ಮಣ್ಣಾದರು.

ಉಳಿದದ್ದು, ಉಳಿಯದ್ದು

ಬೆಲ್ ಕಂಡ ಕಾಡು ಇಂದು ಅದೇ ರೂಪದಲ್ಲಿ ಉಳಿದಿಲ್ಲ. ಸೂಪಾ ಅಣೆಕಟ್ಟಿನ ಹಿನ್ನೀರು 1980ರ ದಶಕದಲ್ಲಿ ಕಾಳಿ ಕಣಿವೆಯ ಊರು, ಕಾಡುಗಳನ್ನು ನುಂಗಿತು. ಕದ್ರಾ, ಕೊಡಸಳ್ಳಿ ಜಲಾಶಯಗಳು, ಕೈಗಾ ಅಣುಸ್ಥಾವರ ಬಂದವು. ದಾಂಡೇಲಿ-ಅಣಶಿಯ ಕಾಡುಗಳು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, ಈಗ ಕಾಳಿ ಹೆಸರಿನಲ್ಲಿ ಉಳಿದಿವೆ ಎಂಬುದು ಸಮಾಧಾನ. ಇತ್ತ ಹುಬ್ಬಳ್ಳಿ-ಧಾರವಾಡದಲ್ಲಿ ಬಡಾವಣೆಗಳು ಹಬ್ಬಿದಂತೆ ಎಕ್ಕೆ, ಈಶ್ವರಬಳ್ಳಿ ಬೆಳೆಯುವ ಬೇಲಿಗಳು ಕಾಂಪೌಂಡು ಗೋಡೆಗಳಾಗಿವೆ.

ಹೀಗೆ ನೆಲೆ ಬದಲಾದಾಗ ಹಳೆಯ ದಾಖಲೆಯ ಬೆಲೆ ತಿಳಿಯುತ್ತದೆ. ಗಿಡವಿಲ್ಲದ ಕಡೆ ಹುಳುವಿಲ್ಲ, ಹುಳುವಿಲ್ಲದ ಕಡೆ ಪಾತರಗಿತ್ತಿಯಿಲ್ಲ. ಯಾವ ಗಿಡ ಉಳಿದರೆ ಯಾವ ಪಾತರಗಿತ್ತಿ ಉಳಿದೀತು ಎಂದು ಇಂದು ಲೆಕ್ಕ ಹಾಕುವವರು, ಪಶ್ಚಿಮ ಘಟ್ಟದ ಪಾತರಗಿತ್ತಿಗಳ ಆಹಾರಸಸ್ಯಗಳ ಪಟ್ಟಿ ಸಿದ್ಧಪಡಿಸುವವರು, ಕಾರವಾರದ ಮೂವರ ಬರಹಗಳಿಗೆ ಮರಳುತ್ತಾರೆ. ರೆಕ್ಕೆಯ ಚುಕ್ಕೆಯನ್ನಷ್ಟೇ ಬರೆದಿದ್ದರೆ ಈ ಪ್ರಯೋಜನ ದೊರೆಯುತ್ತಿರಲಿಲ್ಲ.

ಪುಟ್ಟ ಕ್ಯಾಮೆರಾ ಹಿಡಿದವರಿಗೆ

ಬೆಲ್ ವರ್ಷಗಟ್ಟಲೆ ಬರೆದು ಕಟ್ಟಿದ ನೋಟದ ಒಂದು ಪಾಲನ್ನಾದರೂ ಇಂದಿನ ಪುಟ್ಟ ಕ್ಯಾಮೆರಾ ಕ್ಷಣದಲ್ಲಿ ಹಿಡಿಯಬಲ್ಲದು. ಅದರ ಸಣ್ಣತನವೇ ಇಲ್ಲಿ ಅದರ ಬಲ. ಇಂಥ ಅನೇಕ ಕ್ಯಾಮೆರಾಗಳ ಒಳಗಿನ ಬೆಳಕು ಗ್ರಹಿಸುವ ಫಲಕ ಸುಮಾರು 6 ಮಿ.ಮೀ. ಅಗಲ, ಮಸೂರದ ನಿಜವಾದ ನಾಭಿದೂರ ಅಗಲದ ತುದಿಯಲ್ಲಿ 5 ಮಿ.ಮೀ. ಆಸುಪಾಸು. ಇದರಿಂದಾಗಿ ಹತ್ತಿರದ ಕೀಟ ಸ್ಪಷ್ಟವಾಗಿರುವಾಗಲೂ ಹಿನ್ನೆಲೆ ಗುರುತು ಸಿಗುವಷ್ಟು ಉಳಿಯುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಇದೇ ಪರಿಣಾಮ ಪಡೆಯಲು ವಿಶೇಷ ಮಸೂರ ಬೇಕು.

ಮಾಡುವ ಕ್ರಮ ಕಷ್ಟವೇನಲ್ಲ, ತಾಳ್ಮೆ ಬೇಕು. ಬಿಸಿಲೇರುವ ಮುನ್ನ ಕೀಟಗಳ ಮೈ ತಣ್ಣಗಿದ್ದು ಚಲನೆ ನಿಧಾನವಾಗಿರುತ್ತದೆ, ಆಗ ಹೋಗಬೇಕು. ಜೂಮ್ ಮಾಡದೆ, ಹೂವಿನ ಚಿಹ್ನೆಯ ಮ್ಯಾಕ್ರೋ ಆಯ್ಕೆ ಹಾಕಿಕೊಂಡು, ಹೂವಿನ ಮಟ್ಟಕ್ಕೆ ಅಥವಾ ತುಸು ಕೆಳಕ್ಕೆ ಕ್ಯಾಮೆರಾ ಇಳಿಸಬೇಕು. ಮಸೂರ ತೀರ ಹತ್ತಿರವಿರುವುದರಿಂದ ಅದರ ನೆರಳು ಕೀಟದ ಮೇಲೆ ಬೀಳುತ್ತದೆ. ಬೆಳಕು ಪಕ್ಕದಿಂದ ಬರುವಂತೆ ನಿಲ್ಲಬೇಕು. ಒಮ್ಮೆಗೇ ಮುನ್ನುಗ್ಗಿದರೆ ಪಾತರಗಿತ್ತಿ ಹಾರಿಹೋಗುತ್ತದೆ, ಇಂಚಿಂಚಾಗಿ ಸರಿಯಬೇಕು. ಹೂವನ್ನು ಕಿತ್ತು, ಕೀಟವನ್ನು ಹಿಡಿದು ಬೇರೆಡೆ ಕೂರಿಸಿ ತೆಗೆದ ಚಿತ್ರದಲ್ಲಿ ನೆಲೆಯೇ ಸುಳ್ಳಾಗುತ್ತದೆ. ಚಿತ್ರ ತೆಗೆದ ಬಳಿಕ ದಿನಾಂಕ, ಜಾಗ, ಗಿಡದ ಹೆಸರು ಬರೆದಿಟ್ಟರೆ ಅದು ದಾಖಲೆಯಾಗುತ್ತದೆ. ಗಿಡದ ಹೆಸರು ತಿಳಿಯದಿದ್ದರೆ ಎಲೆಯದೊಂದು ಚಿತ್ರವನ್ನೂ ತೆಗೆದಿಡಬಹುದು.

ಈ ನವರಾತ್ರಿಗೆ ಊರ ಹೊರಗಿನ ಗುಡ್ಡಕ್ಕೆ ಹೋದವರು ಎಕ್ಕೆಯ ಹೂವಿನ ಮೇಲಿನ ಪಾತರಗಿತ್ತಿಯನ್ನು ಕಂಡರೆ, ಅದೇ ಗಿಡದ ಎಲೆಯಡಿಯನ್ನೂ ಒಮ್ಮೆ ನೋಡಲಿ. ಅಲ್ಲೊಂದು ಪಟ್ಟೆಹುಳು ಮೇಯುತ್ತಿರಬಹುದು. ಮುಂದಿನ ವರ್ಷ ಆ ಜಾಗದಲ್ಲಿ ಗಿಡ ಇರುತ್ತದೋ ಇಲ್ಲವೋ ಹೇಳಲಾಗದು. ಹುಳು, ಗಿಡ, ಗುಡ್ಡ ಮೂರೂ ಇರುವ ಚಿತ್ರವೊಂದು ಇದ್ದರೆ, ಇಲ್ಲಿ ಏನಿತ್ತು ಎಂದು ಮುಂದೆ ಕೇಳುವವರಿಗೆ ಉತ್ತರವಾದರೂ ಇರುತ್ತದೆ. ಟಿ.ಆರ್. ಬೆಲ್ ನಮಗೆ ಬಿಟ್ಟುಹೋದದ್ದೂ ಅಂಥ ಉತ್ತರಗಳನ್ನೇ.